ತಮ್ಮನ ಸಹಿ

"ತಂತ್ರಾಂಶದ ಡಿಜಿಟಲ್ ಸಹಿ ಹೊಂದುತ್ತಿಲ್ಲ, ಆದರೂ ಇನ್‌ಸ್ಟಾಲ್ ಮಾಡಲೇ?" ಎಂದು ಪರದೆ ಕೇಳಿತು. ರಕ್ತನಿಧಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳ ಬೆರಳು ಎಂಟರ್ ಕೀಲಿಯ ಮೇಲೆ ಹಾಗೇ ನಿಂತಿತು. ರಕ್ತದ ಗುಂಪು ಹೊಂದಿಸುವ ತಂತ್ರಾಂಶ ಬರೆದವನು ಅವಳ ಸ್ವಂತ ತಮ್ಮ. ಅದರ ಹೊಸ ಆವೃತ್ತಿಯ ಪ್ಯಾಕೇಜ್ ಬಂದದ್ದೂ ಅವನ ಹೆಸರಿನ ಮೇಲ್‌ನಲ್ಲೇ.

"ಪಕ್ಕದ ಲಿನಕ್ಸ್ ಕಂಪ್ಯೂಟರು ಇದನ್ನೇ ತಕರಾರಿಲ್ಲದೆ ತಗೊಳ್ತಲ್ಲಮ್ಮ," ಎಂದರು ಹಿಂದೆ ನಿಂತಿದ್ದ ಡಾಕ್ಟರು. "ಒಡಹುಟ್ಟಿದವನ ಮೇಲೂ ಅನುಮಾನಾನಾ?"

"ಅದರಲ್ಲಿ ಸಹಿ ನೋಡೋ ವ್ಯವಸ್ಥೆ ಹಾಕಿಲ್ಲ, ಕೊಟ್ಟಿದ್ದನ್ನ ಕಣ್ಮುಚ್ಚಿ ನುಂಗತ್ತೆ ಸಾರ್. ಇದು ಸಹಿ ನೋಡಿ, ಯಾರು ಕೊಟ್ಟಿದ್ದು ಅಂತ ಕೇಳತ್ತೆ," ಎಂದಳು. ಆದರೂ ಮನಸ್ಸು ತಡೆಯದೆ ತಮ್ಮನಿಗೆ ಫೋನ್ ಮಾಡಿದಳು.

"ನಿನ್ನ ಪ್ಯಾಕೇಜಿನ ಸಹಿ ಹೊಂದ್ತಾ ಇಲ್ಲ ಕಣೋ."

ಅವನು ನಕ್ಕ. "ನಿಂಗೆ ಹಗ್ಗ ಕಂಡ್ರೂ ಹಾವೇ ಅಕ್ಕ. ಯಾವ ಪ್ಯಾಕೇಜು?"

"ಬೆಳಿಗ್ಗೆ ಮೇಲ್ ಮಾಡಿದ್ಯಲ್ಲ, ಅದೇ."

ಆ ಕಡೆಯ ನಗು ನಿಂತಿತು. "ಅಕ್ಕಾ, ನಾನು ಯಾವ ಮೇಲೂ ಮಾಡಿಲ್ಲ."

ಅವಳು ಕೀಲಿಯಿಂದ ಬೆರಳು ತೆಗೆದು ಪಕ್ಕಕ್ಕೆ ತಿರುಗಿದಳು. ಆ ಪ್ಯಾಕೇಜನ್ನು ಆಗಲೇ ನುಂಗಿದ್ದ ಲಿನಕ್ಸ್ ಯಂತ್ರ ಆಗಷ್ಟೇ ಮುದ್ರಿಸಿದ ರಕ್ತದ ಗುಂಪಿನ ಚೀಟಿಯನ್ನು ನರ್ಸು ರಕ್ತದ ಚೀಲಕ್ಕೆ ಅಂಟಿಸಿ, ಶಸ್ತ್ರಚಿಕಿತ್ಸೆಯ ಕೋಣೆಯ ಕಡೆ ಹೊರಟಿದ್ದರು. ಅವಳು ಫೋನನ್ನು ಅಲ್ಲೇ ಬಿಟ್ಟು ಓಡಿ, ಆ ಚೀಲವನ್ನು ನರ್ಸಿನ ಕೈಯಿಂದ ಕಿತ್ತುಕೊಂಡಳು.