ಒರೆಸಿದ ಲೋಟ

ಒಂಟಿ ಎಮ್ಮೆಯ ಅಜ್ಜಿಯ ಹಾಲಿಗೆ ನೀರು ಸೇರಿಸುತ್ತಿದ್ದವನು ಡೈರಿಯ ಮ್ಯಾನೇಜರು. ಡೈರಿಯ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದಳೆಂಬ ಸಿಟ್ಟಿಗೆ, ಅವಳ ಸರದಿ ಬಂದಾಗಲೆಲ್ಲ, ಬೆಳಕು ಹಾಯಿಸಿ ಹಾಲು ಅಳೆಯುವ ಯಂತ್ರದ ಗಾಜಿನ ಲೋಟವನ್ನು ತೊಳೆಸುತ್ತಿದ್ದ, ಒರೆಸಲು ಬಿಡುತ್ತಿರಲಿಲ್ಲ. ತಳದಲ್ಲಿ ಉಳಿದ ನೀರೂ ಅವಳ ಹಾಲೆಂದೇ ಅಳತೆಗೆ ಸೇರುತ್ತಿತ್ತು.

"ಇವತ್ತೂ ನೀರು ತೋರಿಸಿದರೆ ಈ ಮುದುಕಿ ಹೆಸರು ಪಟ್ಟಿಯಿಂದ ಹೊಡೆದುಹಾಕು" ಎಂದ. ಅಳೆಯುವ ಹುಡುಗಿ ಅವನ ತಮ್ಮನ ಮಗಳೇ. ಕೆಲಸ ಕೊಡಿಸಿದವನೂ ಅವನೇ. ಅವಳು ತೊಳೆದ ಲೋಟವನ್ನು ಬೋರಲು ಹಾಕಿ ಕೊಡವಿದಳು, ದುಪಟ್ಟಾದ ಚುಂಗನ್ನು ತಳದವರೆಗೂ ತೂರಿಸಿ ಒರೆಸಿದಳು, ಆಮೇಲೆ ಹಾಲು ಹುಯ್ದಳು. ಯಂತ್ರದೊಳಗೆ ದೀಪ ಹೊತ್ತಿ ಅಂಕಿ ಮೂಡಿತು.

"ಫ್ಯಾಟ್ ಏಳೂವರೆ. ನೀರು ಸೊನ್ನೆ."

"ಇನ್ನೂ ಜೋರಾಗಿ ಓದು ನನ್ನವ್ವ" ಎಂದಳು ಅಜ್ಜಿ. "ಕೊಟ್ಟಿಗೇಲಿರೋ ಎಮ್ಮೆಗೂ ಕೇಳಲಿ. ಪಾಪ, ನನ್ನ ಜೊತೆ ಅದಕ್ಕೂ ಕಳ್ಳಿ ಅನ್ನೋ ಹೆಸರು ಬಂದಿತ್ತು!"

ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಮ್ಯಾನೇಜರನ ಮುಖ ಕಪ್ಪಿಟ್ಟಿತು. "ಯಂತ್ರ ತಪ್ಪು ಹೇಳ್ತಿದೆ ಕಣೇ. ಚೆಲ್ಲಿ, ಲೋಟ ತೊಳೆದು ಇನ್ನೊಂದ್ಸಲ ಇಡು."

ಹುಡುಗಿ ಅದೇ ಅಂಕಿಯನ್ನು ಬೀದಿಗೆಲ್ಲ ಕೇಳುವಂತೆ ಮತ್ತೆ ಓದಿದಳು. ಲೋಟದ ಬಾಯಿಗೆ ಅಂಗೈ ಮುಚ್ಚಿ ಹೇಳಿದಳು:

"ತೊಳೆಯಲ್ಲ ದೊಡ್ಡಪ್ಪ."