ಮರದ ಮೊಟ್ಟೆ

ಹಾವು ಬಂದ ಕಿಂಡಿಯಲ್ಲೇ ಹೊರಗೆ ಹೋಗಲು ನೋಡಿತು. ತಲೆ ಹೋಯಿತು, ಕತ್ತು ಹೋಯಿತು, ಹೊಟ್ಟೆ ಹೋಗಲಿಲ್ಲ. ಹಿಂದೆ ಸರಿದು ಕೋಳಿಗೂಡಿನ ಮೂಲೆಯಲ್ಲಿ ಸುರುಳಿ ಸುತ್ತಿ, ಹೆಡೆ ಬಿಚ್ಚಿ, ಕಾಳು ಹಾಕಲು ಬಂದವಳ ಕಡೆ ಬುಸ್ಸೆಂದಿತು. ಅವಳು ಥಟ್ಟನೆ ಹಿಂದೆ ಸರಿದಳು. ಬಾಗಿಲು ಎಳೆದುಕೊಂಡು, ದೂರದಿಂದಲೇ ಜಾಲರಿಯೊಳಗೆ ನೋಡಿದಳು. ಹೊಟ್ಟೆಯಲ್ಲಿ ಎರಡು ಉಬ್ಬು, ಮೊಟ್ಟೆಯಿದ್ದ ಜಾಗ ಖಾಲಿ.

"ರೀ, ನಿಮ್ಮ ಮೊಟ್ಟೆ ನುಂಗಿಬಿಟ್ಟಿದೆ!"

ಗಂಡ ಮರ ಕಡೆಯುವವನು. ಗೂಡಿನಲ್ಲಿ ಮೊಟ್ಟೆಯೊಂದು ಕಂಡರೆ ಕೋಳಿಯೂ ಅಲ್ಲೇ ಇಡುತ್ತದೆಂದು ಹೆಂಡತಿ ಹೇಳಿದ್ದಕ್ಕೆ, ಮಂಚದ ಕಾಲು ಕಡೆಯುವ ಲೇತಿನಲ್ಲಿ ಮರದ ಮೊಟ್ಟೆ ಕಡೆದು, ಉಜ್ಜಿ, ಬಿಳಿ ಬಣ್ಣ ಬಳಿದು ಕೊಟ್ಟಿದ್ದ. ಮನೆಯಲ್ಲಿದ್ದದ್ದು ಒಂದೇ ಕೆಂಪು ಹೇಂಟೆ. ಬೆಳಗಾದರೆ ಗೂಡು ಹೊಕ್ಕು, ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡು ಹೊರಬರುತ್ತಿತ್ತು. ಕೈಕೆಲಸ ಮುಗಿಸಿ ಇವಳು ಹೋಗಿ ನೋಡಿದರೆ ಮರದ್ದೊಂದೇ. "ನಿಮ್ಮ ಕೈಚಳಕಕ್ಕೆ ಕೋಳಿಯೂ ಮರುಳಾಗಲಿಲ್ಲ" ಎಂದು ಛೇಡಿಸುತ್ತಿದ್ದಳು. ಬಾಯಿಬಡುಕ ಕೋಳಿಯನ್ನು ಭಾನುವಾರ ಕೊಯ್ಯುವುದೆಂದು ಇಬ್ಬರೂ ಮಾತಾಡಿಕೊಂಡಾಗಿತ್ತು.

ಗಂಡ ರೆಪ್ಪೆಯ ಮೇಲೆ ಮರದ ಹುಡಿ ಹೊತ್ತೇ ಓಡಿಬಂದ. ನೋಡಿದ. ಭಯಕ್ಕಿಂತ ಮೊದಲು ನಗು ಬಂತು.

"ಕೋಳಿ ನಂಬದಿದ್ರೇನು, ನಾಗರಹಾವೇ ನಂಬಿತಲ್ಲೇ!"

"ಹೆಮ್ಮೆ ಆಮೇಲೆ ಪಡಿ. ಮರ ಅರಗುತ್ತಾ ಅದಕ್ಕೆ? ನಾನು ಕೇಳಿದ್ದಕ್ಕೆ ತಾನೇ ನೀವು ಮಾಡಿದ್ದು. ಆ ಜೀವ ಹೋದ್ರೆ ನನ್ನ ತಲೆಗೇ ಬರುತ್ತೆ. ಹಾವಕ್ಕನಿಗೆ ಫೋನ್ ಮಾಡಿ." ಮತ್ತೆ ಬಗ್ಗಿ ನೋಡಿದಳು. "ನೀವು ಕಡೆದಿದ್ದು ಒಂದೇ ಅಲ್ವಾ? ಇನ್ನೊಂದು ಉಬ್ಬು ಯಾವುದು?"

"ಇಲಿ ಇರಬೇಕು ಬಿಡು."

ಊರಲ್ಲಿ ಎಲ್ಲೇ ಹಾವು ಬಂದರೂ ಹಿಡಿದು ಬಿಡುವ ಹಾವಕ್ಕ, ಕಸುಬಿನಲ್ಲಿ ಶಾಲೆಯ ವ್ಯಾನು ಓಡಿಸುವವಳು. ಮಕ್ಕಳನ್ನು ಇಳಿಸಿ ನೇರ ಬಂದಳು. "ಆ ಪಿಳ್ಳೆಗಳನ್ನ ಸುಮ್ನೆ ಕೂರಿಸೋದಕ್ಕಿಂತ ಇದು ವಾಸಿ" ಎನ್ನುತ್ತಲೇ ಉದ್ದದ ಕೊಕ್ಕೆಯಿಂದ ಹಾವನ್ನು ಅಂಗಳಕ್ಕೆ ಎಳೆದು, ತಾನೂ ದೂರ ನಿಂತಳು.

"ತಾನಾಗಿ ಕಕ್ಕಿದ್ರೆ ಬದುಕುತ್ತೆ. ಇಲ್ಲಾಂದ್ರೆ ಡಾಕ್ಟರ ಕತ್ತರಿಯೇ ಗತಿ. ಅಲ್ಲಾಡಬೇಡಿ."

ಮೂವರೂ ಕಂಬಗಳಾದರು. ಹೆಡೆ ಮೆಲ್ಲನೆ ಮಡಚಿಕೊಂಡಿತು. ಕತ್ತು ಅಂಕುಡೊಂಕಾಗಿ ಎಳೆದುಕೊಂಡಿತು. ಬಾಯಿ ತೆರೆಯಿತು, ಇನ್ನೂ ತೆರೆಯಿತು, ಒಳಗಿನಿಂದ ಬಿಳಿ ಇಣುಕಿತು. ಕಲ್ಲುಚಪ್ಪಡಿಯ ಮೇಲೆ 'ಟಕ್' ಎಂದಿತು.

"ಬಣ್ಣ ಕೂಡ ಹೋಗಿಲ್ಲ!"

"ಶ್! ಸುಮ್ನಿರ್ರೀ!"

ಎರಡನೆಯ ಉಬ್ಬು ಸರಿಯತೊಡಗಿತ್ತು. ಅವಳು ಸೆರಗಿನ ತುದಿ ಕಚ್ಚಿಕೊಂಡು ನೋಡಿದಳು. ಅದು ಸದ್ದಿಲ್ಲದೆ ಹೊರಬಂತು. ಕಂದು ಬಣ್ಣದ, ಒಡೆಯದ, ನಿಜವಾದ ಮೊಟ್ಟೆ.

ಹಗುರಾದ ಹಾವು ಕತ್ತಲು ಹುಡುಕಿಕೊಂಡು ಹಾವಕ್ಕ ನೆಲಕ್ಕಿಟ್ಟ ಪೈಪಿನೊಳಗೆ ನುಗ್ಗಿ, ಅದರ ತುದಿಗೆ ಕಟ್ಟಿದ್ದ ಚೀಲ ಸೇರಿತು. ಹಾವಕ್ಕ ಚೀಲದ ಬಾಯಿ ಬಿಗಿದಳು.

"ಅಕ್ಕ, ಅದು... ನಮ್ಮ ಹೇಂಟೆದಾ?"

"ಮತ್ಯಾರದು? ಹಾವು ವಾಸನೆ ನೋಡಿ ನುಂಗೋದು. ಮರಕ್ಕೆ ಕೋಳಿ ವಾಸನೆ ಹತ್ತಿದೆ ಅಂದ್ರೆ ನಿಮ್ಮ ಹೇಂಟೆ ದಿನಾ ಅದರ ಮೇಲೇ ಕೂತಿದೆ. ಅದು ಇಟ್ಟಿದ್ದನ್ನ ಈ ಮಹಾರಾಯ ನುಂಗ್ತಾ ಬಂದಿದ್ದಾನೆ. ಇವತ್ತು ಆಸೆ ಹೆಚ್ಚಾಯ್ತು, ಸಿಕ್ಕಿಬಿದ್ದ."

ಗಂಡ ಮರದ ಮೊಟ್ಟೆಯನ್ನು ಕಡ್ಡಿಯಿಂದ ಉರುಳಿಸಿ ಉರುಳಿಸಿ ನೋಡುತ್ತಿದ್ದ. ಅವನನ್ನು ಛೇಡಿಸಲು ಅವಳಿಗೆ ಏನೂ ಉಳಿದಿರಲಿಲ್ಲ. ಗೋಡೆಯ ಮೇಲೆ ಕೂತ ಹೇಂಟೆಯತ್ತ ನೋಡಲೂ ಆಗಲಿಲ್ಲ.

ಕಾಲುವೆಯಾಚೆ, ಜೊಂಡಿನ ಹತ್ತಿರ, ಹಾವಕ್ಕ ಚೀಲದ ಬಾಯಿ ಬಿಚ್ಚಿ, ಕೊಕ್ಕೆಯಿಂದ ತಳ ಎತ್ತಿದಳು. ಎಲ್ಲೂ ಉಬ್ಬಿಲ್ಲದ ನೀಟಾದ ಮೈ ಹುಲ್ಲಿನಲ್ಲಿ ಸರ್ರನೆ ಹರಿದು ಹೋಯಿತು. ಮನೆಗೆ ಬಂದು ಗಂಡ ಗೂಡಿನ ಕಿಂಡಿಗೆ ಹಲಗೆ ಬಡಿದ. ಅವಳು ಮರದ ಮೊಟ್ಟೆ ತೊಳೆದು ಇದ್ದಲ್ಲೇ ಇಟ್ಟಳು.

ಮರುದಿನ ಬೆಳಿಗ್ಗೆ ಗೂಡಿನಿಂದ ಅದೇ ಕೂಗು.

"ಶುರುವಾಯ್ತು ನೋಡು ನಿನ್ನ ಕೋಳಿ" ಎಂದ ಗಂಡ.

ಅವಳು ತೊಳೆಯುತ್ತಿದ್ದ ಪಾತ್ರೆ ಬಿಟ್ಟು, ನೊರೆಗೈಯಲ್ಲೇ ಅಂಗಳಕ್ಕೆ ಓಡಿದಳು.

"ಬಂದೆ ಕಣೇ, ಬಂದೆ. ಕೇಳಿಸ್ತು."