ತೊಳೆದ ನೀರು

ಪೂವಪ್ಪ ಕ್ಯಾನಿನ ಮುಚ್ಚಳ ತಿರುಗಿಸಿ ತೆಗೆದಾಗಲೂ ವಿಕಾಸ್ ಸಾಹೇಬರು ನಗುತ್ತಲೇ ಇದ್ದರು. ಹಡಗಿನ ಹೊಗೆ ತೊಳೆಯುವ ಮಿಷನ್ ಮಾರುವ ಅವರ ಮಹಾಪೆ ಊರಿನ ಆಫೀಸಿನಲ್ಲಿ ಚಹಾ ಕೊಡುವುದು, ಗಾಜಿನ ತೊಟ್ಟಿಯ ಬಣ್ಣಬಣ್ಣದ ಕಡಲಮೀನುಗಳನ್ನು ನೋಡಿಕೊಳ್ಳುವುದು ಪೂವಪ್ಪನ ಕೆಲಸ. ಇವತ್ತು ಕಂಟೇನರ್ ಹಡಗು ಕಂಪನಿಯ ಸರ್ವೋತ್ತಮ ರಾಯರು ಒಪ್ಪಂದಕ್ಕೆ ಸಹಿ ಹಾಕಲು ಬಂದಿದ್ದರು.

"ನೀವು ಅದೇ ಅಗ್ಗದ ಕರಿ ಎಣ್ಣೆ ಉರಿಸಿ ರಾಯರೆ. ಹೊಗೆಯನ್ನು ನಮ್ಮ ಮಿಷನ್ ಕಡಲ ನೀರಲ್ಲಿ ತೊಳೀತದೆ. ಹೊಸ ಕಾನೂನು ಕೇಳುವಷ್ಟು ಗಾಳಿ ಸಾಫ್, ತೊಳೆದ ನೀರು ಸೀದಾ ಕಡಲಿಗೆ," ಎಂದು ಸಾಹೇಬರು ಈಗಷ್ಟೇ ಹೇಳಿದ್ದರು. ಹಡಗಿನಿಂದ ಮಾದರಿಗೆ ತಂದ ಆ ನೀರಿನ ಕ್ಯಾನನ್ನು ತಟ್ಟಿ, "ಮೀನಿಗೆ ಎಂಥದ್ದೂ ಆಗುದಿಲ್ಲ ಮಾರಾಯ್ರೆ!" ಎಂದಿದ್ದರು. ಪೂವಪ್ಪನ ತಮ್ಮ ಇವತ್ತಿಗೂ ಮಲ್ಪೆಯಲ್ಲಿ ಬಲೆ ಬೀಸಿಯೇ ಮನೆ ನಡೆಸುತ್ತಿದ್ದ. ಪೂವಪ್ಪ ಆ ಕ್ಯಾನನ್ನು ಎತ್ತಿ ಮೀನಿನ ತೊಟ್ಟಿಯ ಮೇಲೆ ಬಗ್ಗಿಸಿದ.

"ಏಯ್! ತಲೆ ಸರಿ ಉಂಟಾ ನಿಂಗೆ? ಮೀನು ಸಾಯ್ತದೆ!" ಸಾಹೇಬರು ಕುರ್ಚಿ ಉರುಳಿಸಿಕೊಂಡು ಓಡಿಬಂದು ಅವನ ಮಣಿಕಟ್ಟು ಹಿಡಿದರು. ಒಂದು ಹನಿಯೂ ಬೀಳಲಿಲ್ಲ. ತಿನ್ನಲು ಏನೋ ಬಂತೆಂದು ಮೀನುಗಳೆಲ್ಲ ಬಾಯಿ ತೆರೆದು ಮೇಲೆ ಬಂದಿದ್ದವು.

"ಇಲ್ಲಿ ನೀವು ಕೈ ಹಿಡಿದ್ರಿ ಸಾಹೇಬ್ರೆ," ಎಂದ ಪೂವಪ್ಪ. "ಕಡಲಲ್ಲಿ ಯಾರು ಹಿಡೀತಾರೆ?" ಹಿಂದೆ ಮೇಜಿನ ಬಳಿ, ಒಂದೊಂದು ಹಡಗಿಗೂ ಒಂದೊಂದು ಸಹಿಯಂತೆ, ರಾಯರ ಪೆನ್ನು ಕಾಗದದ ಮೇಲೆ ಸರಸರ ಓಡುವ ಸದ್ದು ಕೇಳುತ್ತಲೇ ಇತ್ತು.